ಅಳಿಸುವ ಅತ್ತೆ

ನಮ್ಮ ಸೋದರತ್ತೆಗೆ ಊಟಕ್ಕಿಂತ ರುಚಿಯಾದದ್ದು ಒಂದೇ: ಏನನ್ನಾದರೂ ಅಳಿಸುವುದು. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ನಡೆಸುವ ಈಕೆ ಐವತ್ತು ದಾಟಿದ ಮೇಲೆ ಹಾವೇರಿಯ ಕಂಪ್ಯೂಟರ್ ಕ್ಲಾಸಿಗೆ ಸೇರಿದಳು. ಮೊದಲ ದಿನ ಕಲಿಸುವವರು, "ಮಗಳನ್ನ ಬಿಡಾಕ ಬಂದೀರೇನ್ರಿ?" ಎಂದು ಕೇಳಿದರಂತೆ.

"ಇಲ್ರಿ, ಕಲಿಯಾಕ ಬಂದೇನಿ. ಅಳಿಸೋದು ಯಾವಾಗ ಕಲಿಸ್ತೀರಿ?"

ಕಲಿತು ಬಂದವಳೇ ಒಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಕೊಡುವ ಅಪ್ಪಣೆಗಳ ಪಟ್ಟಿ, ಬರೆದು, ಮಾವ ಮನೆಯ ಕಂಪ್ಯೂಟರಿನಲ್ಲಿ ಕೂಡಿಟ್ಟಿದ್ದ ಶುಭೋದಯದ ಚಿತ್ರಗಳನ್ನೆಲ್ಲ ಒರೆಸಿಹಾಕಿದಳು.

ಮಾವ ಬೇಸರಿಸದೆ, "ನಾಳೆ ಮತ್ತ ಬರ್ತಾವ ಬಿಡು" ಎಂದರು.

"ಬರ್ಲಿ. ಸ್ಕ್ರಿಪ್ಟೂ ನಾಳೆ ಇರ್ತೈತಿ."

ಇಂಥವಳನ್ನು ಯಾರಾದರೂ ಅಂಗಡಿಗೆ ಕರೆಯುತ್ತಾರೆಯೇ? ನಾನು ಕರೆದೆ. ಬ್ಯಾಡಗಿಯಲ್ಲಿ ನನ್ನದು ಮೆಣಸಿನಕಾಯಿ ಅಂಗಡಿ. ಚೀಲವನ್ನು ತೂಕಕ್ಕೆ ಇಟ್ಟಾಗಲೆಲ್ಲ ಮೇಲಿನ ಕ್ಯಾಮೆರಾ ಒಂದು ಫೋಟೋ ತೆಗೆಯುತ್ತದೆ. ಫೋಟೋ ತುಂಬಿ ತುಂಬಿ, ಸುಗ್ಗಿಯ ನಡುವೆಯೇ ಕಂಪ್ಯೂಟರ್ ಮುಷ್ಕರ ಹೂಡಿತ್ತು. ಬಿಲ್ಲುಗಳೂ ಅದೇ ಫೋಲ್ಡರಿನಲ್ಲಿ ಕಲೆತಿದ್ದವು. ಸ್ಕ್ರಿಪ್ಟಿನ ಒಂದು ಸಾಲು ತಪ್ಪಿದರೆ ಇಡೀ ಸುಗ್ಗಿಯ ವ್ಯಾಪಾರ ಮಾಯ.

"ಅತ್ತಿ, ಬಿಲ್ ಹೋದ್ರ ನಾ ರೈತರಿಗೆ ಏನ್ ಹೇಳ್ಲಿ?"

"ಹೋಗಂಗಿಲ್ಲ. ಹೆಸರಿನ ಕೊನಿಗೆ ಜೆಪಿಜಿ ಇದ್ದದ್ದಷ್ಟ, ಅಂದ್ರ ಫೋಟೋ ಅಷ್ಟ, ಹೋಗ್ತೈತಿ. ಮೊದಲು 'ತೋರ್ಸು' ಅಂತ ಬರ್ದೇನಿ, ಆಮ್ಯಾಲೆ 'ಅಳ್ಸು' ಅಂತ. ನೀ ಸುಮ್ನ ಚಾ ತರ್ಸು."

ಪರದೆಯ ಮೇಲೆ ಬರೀ ಫೋಟೋಗಳ ಹೆಸರು ಸಾಲಾಗಿ ಬಂದವು. ಬಿಲ್ಲು ಒಂದೂ ಇಲ್ಲ. ಸುತ್ತ ನಿಂತ ಹಮಾಲರು ಬೆರಗಿನಿಂದ ನೋಡಿದರು. ಯಾರೂ ಕೇಳದಿದ್ದರೂ ನಾನು, "ನಮ್ಮತ್ತಿ" ಎಂದೆ.

ಅಳಿಸುವ ಮುನ್ನ ಅವಳು ಕೈ ತಡೆದಳು. "ಇದರಾಗ ಅಣ್ಣ ಇದ್ದಾಗಿನವೂ ಅದಾವೇನು?"

ಅವಳ ಅಣ್ಣನೆಂದರೆ ನನ್ನ ತಂದೆ, ಹೋದ ವರ್ಷ ತೀರಿಕೊಂಡವರು.

"ಅದಾವ. ಆದ್ರ ಬರೇ ಚೀಲ, ಮಾರಿ ಕಾಣಂಗಿಲ್ಲ" ಎಂದೆ.

ಅತ್ತೆ ಒಂದೊಂದೇ ಚೀಲ ನೋಡುತ್ತ ಕುಳಿತಳು. ಚಹಾ ಆರಿತು. ಒಂದು ಫೋಟೋದ ಮೇಲೆ ಅವಳ ಕಣ್ಣು ನಿಂತಿತು. ಕೆಂಪು ಕಾಯಿಯ ಚೀಲದ ಬಾಯಿ ಹಿಡಿದ ಒಂದು ಕೈ, ಕಿರುಬೆರಳು ಸೊಟ್ಟ.

"ಸಣ್ಣಾಕಿದ್ದಾಗ ಚಕ್ಕಡಿ ಗಾಲಿ ಕೆಳಗ ಬೀಳ್ತಿದ್ದೆ. ನನ್ನ ಎಳಕೊಳ್ಳಾಕ ಹೋಗಿ ಬೆರಳು ಮುರಕೊಂಡ" ಎಂದಳು.

ಆ ಫೋಟೋದ ಹೆಸರು ಬರೀ ಅಂಕಿಗಳ ಸಾಲು. ಅತ್ತೆ ಅದನ್ನು ಬೇರೆ ಫೋಲ್ಡರಿಗೆ ಸರಿಸಿದಳು. ಅಂಕಿಗಳನ್ನು ತೆಗೆದು "ಅಣ್ಣ" ಎಂದು ಬರೆದಳು. ಆಮೇಲೆ ಸ್ಕ್ರಿಪ್ಟ್ ಓಡಿಸಿದಳು.