ಎಚ್ಚರವಾಗಿರುವ ಬಗ್ಗೆ ಕಾರಣ ಕೇಳಿ ನೋಟಿಸು

ಕಟ್ಟಡ ಪರವಾನಗಿ ಕಚೇರಿಯ ಆಕ್ಷೇಪಣೆ ಗುಮಾಸ್ತರು ಕಳೆದ ಹನ್ನೊಂದು ವರ್ಷಗಳಿಂದ, ರಜಾದಿನಗಳನ್ನು ಹೊರತುಪಡಿಸಿ, ಕಚೇರಿ ವೇಳೆಯಲ್ಲಿ ತಪ್ಪದೆ ನಿದ್ರಿಸುತ್ತಿದ್ದರು. ಇದು ಯಾರೂ ಅಲ್ಲಗಳೆಯದ ಸಂಗತಿ. ಬೆಳಗ್ಗೆ ಹತ್ತೂವರೆಗೆ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಪೆನ್ನಿನ ಮುಚ್ಚಳ ಮುಚ್ಚುವಷ್ಟರಲ್ಲಿ ಅವರ ಗಲ್ಲ ಎದೆಗೆ ತಾಗುತ್ತಿತ್ತು. ಹನ್ನೊಂದಕ್ಕೆ ಗೊರಕೆ ಶುರುವಾಗುತ್ತಿತ್ತು. ಗೊರಕೆ ಕಿವಿಗೆ ಬಿದ್ದ ಮೇಲೆಯೇ ಜವಾನ ಚಹಾ ತರಲು ಹೊರಡುತ್ತಿದ್ದ, ಏಕೆಂದರೆ ಗೋಡೆ ಗಡಿಯಾರ ಕೆಟ್ಟು ಬಹಳ ಕಾಲವಾಗಿತ್ತು.

ಇದನ್ನು ಸೋಮಾರಿತನ ಎನ್ನುವವರಿಗೆ ಆಡಳಿತದ ಗಂಧಗಾಳಿ ಇಲ್ಲ. ಆ ಕಚೇರಿಯ ನಿಯಮ ಹದಿನಾಲ್ಕು (ಸಿ) ಹೀಗಿದೆ: ‘ಆಕ್ಷೇಪಣೆ ಮೇಜಿನ ಮೇಲೆ ಮೂವತ್ತು ದಿನ ಇದ್ದ ಯಾವುದೇ ನಕ್ಷೆಗೆ ಲಿಖಿತ ಆಕ್ಷೇಪಣೆ ಬಾರದೇ ಇದ್ದಲ್ಲಿ, ಸದರಿ ನಕ್ಷೆಯು ಮಂಜೂರಾಯಿತೆಂದು ಭಾವಿಸತಕ್ಕದ್ದು.’ ಮನೆ ಕಟ್ಟಿಸುವವರು ಸಾಹೇಬರ ಕೋಣೆಗೆ ಹೋಗಿ, ಒಂದು ಕವರು ಇಟ್ಟು, ನಮಸ್ಕಾರ ಮಾಡಿ ಬರುತ್ತಿದ್ದರು. ಸಾಹೇಬರು ಅವರ ಕಡತವನ್ನು ನಮ್ಮ ಗುಮಾಸ್ತರ ಮೇಜಿಗೆ ಕಳಿಸುತ್ತಿದ್ದರು. ಮುಂದಿನದ್ದನ್ನು ಗುಮಾಸ್ತರ ಕಣ್ಣುರೆಪ್ಪೆಗಳು ನೋಡಿಕೊಳ್ಳುತ್ತಿದ್ದವು. ಕವರು ಇಡದವರ ಕಡತ ಮೊದಲನೆಯ ಕೋಣೆಯಲ್ಲಿದ್ದ ಎಚ್ಚರದ ಗುಮಾಸ್ತರಿಗೆ ಹೋಗುತ್ತಿತ್ತು. ಕವರಿನ ವಿಷಯ ನಮ್ಮವರಿಗೆ ಗೊತ್ತಿರಲಿಲ್ಲ. ಗೊತ್ತಾಗಬೇಕಾದರೆ ಎಚ್ಚರವಿರಬೇಕಿತ್ತಲ್ಲ.

ಮನೆಯಲ್ಲಿಯೂ ಅವರದು ಇದೇ ಪಾಡು. ಹೊಸದಾಗಿ ಕಟ್ಟಿದಾಗಲೇ ಹಿಡಿದು ಒಂಬತ್ತು ವರ್ಷಗಳಿಂದ ಅವರಿದ್ದ ಬಾಡಿಗೆ ಮನೆ ಅಚ್ಚುಕಟ್ಟಾಗಿತ್ತು, ಆದರೆ ಬಚ್ಚಲಿಗೆ ಹೋಗಬೇಕಾದರೆ ಪಕ್ಕದ ಮನೆಯವರ ಅಡುಗೆಮನೆ ದಾಟಬೇಕಿತ್ತು. ಪ್ರತಿದಿನ ಬೆಳಗ್ಗೆ ಗುಮಾಸ್ತರು ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಒಲೆಯ ಮುಂದೆ ನಿಂತ ಪಕ್ಕದ ಮನೆಯ ಅಕ್ಕನಿಗೆ ‘ಚೆನ್ನಾಗಿದೀರಾ?’ ಎಂದು ಕೇಳಿಕೊಂಡು ಹಾದುಹೋಗುತ್ತಿದ್ದರು. ಸಂಜೆ ಊಟವಾದ ಮೇಲೆ ಅವರ ಹೆಂಡತಿ ಎದುರಿಗೆ ಕೂತು, ‘ರೀ, ಈ ಮನೆಗೆ…’ ಎಂದು ಮಾತು ತೆಗೆಯುತ್ತಿದ್ದರು. ಅಷ್ಟಕ್ಕೇ ಗುಮಾಸ್ತರ ತಲೆ ವಾಲುತ್ತಿತ್ತು. ಒಂಬತ್ತು ವರ್ಷಗಳಲ್ಲಿ ಆ ಮಾತು ‘ಈ ಮನೆಗೆ’ಯಿಂದ ಒಂದು ಹೆಜ್ಜೆಯೂ ಮುಂದೆ ಹೋಗಿರಲಿಲ್ಲ. ಹೆಂಡತಿ ಏನು ಹೇಳಬೇಕೆಂದಿದ್ದಾಳೆ ಎಂದು ಒಮ್ಮೆಯಾದರೂ ಪೂರ್ತಿ ಕೇಳಬೇಕು ಎಂಬುದೊಂದೇ ಗುಮಾಸ್ತರಿಗಿದ್ದ ಆಸೆ. ಆಕೆಯಾದರೋ ಮಾತು ಬಿಟ್ಟು ಅವರ ಉಸಿರನ್ನು ಕೇಳುತ್ತ ಕೂರುತ್ತಿದ್ದರು. ಗೊರಕೆ ಇದ್ದಕ್ಕಿದ್ದಂತೆ ನಿಲ್ಲುತ್ತಿತ್ತು. ಆಗ ಆಕೆ ಒಂದು, ಎರಡು ಎಂದು ಎಣಿಸುತ್ತಿದ್ದರು. ಇಪ್ಪತ್ತು ದಾಟಿದರೆ ಮೊಣಕೈಯಿಂದ ಪಕ್ಕೆಗೆ ತಿವಿಯುತ್ತಿದ್ದರು.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆದಿದ್ದಾಗ ಕ್ಷೌರದವನು ಅಡ್ಡ ಬಂದ. ಅರ್ಧ ಗಡ್ಡ ಕೆರೆದಿದ್ದನಷ್ಟೆ, ಕುರ್ಚಿಯಲ್ಲಿದ್ದ ಗುಮಾಸ್ತರ ಉಸಿರು ನಿಂತುಹೋಯಿತು. ತನ್ನ ಕತ್ತಿ ಎಲ್ಲೋ ಆಳಕ್ಕೆ ಹೋಯಿತೆಂದು ಅವನು ಗುಮಾಸ್ತರ ಕತ್ತನ್ನೆಲ್ಲ ತಡವಿ ನೋಡಿದ. ಅರ್ಧ ನಿಮಿಷದ ಮೇಲೆ ಗುಮಾಸ್ತರು ಗೊರ್ ಎಂದು ಉಸಿರೆಳೆದು ಕಣ್ಣುಬಿಟ್ಟು, ‘ಆಯ್ತಾ?’ ಎಂದು ಕೇಳಿದರು.

‘ಇನ್ನೇನು ಆಗೇ ಹೋಗ್ತಿತ್ತು ಸಾರ್,’ ಅಂದ ಕ್ಷೌರದವನು. ‘ಮೊದ್ಲು ಡಾಕ್ಟ್ರಿಗೆ ತೋರ್ಸಿ. ಉಳಿದರ್ಧ ಗಡ್ಡ ಆಮೇಲೆ ನೋಡೋಣ.’

ಡಾಕ್ಟರು ಒಂದು ರಾತ್ರಿ ಮೈತುಂಬ ವೈರು ಅಂಟಿಸಿ ಮಲಗಿಸಿ, ಇದಕ್ಕೆ ಸ್ಲೀಪ್ ಅಪ್ನಿಯಾ ಎನ್ನುತ್ತಾರೆ, ನಿಮ್ಮ ಉಸಿರು ಗಂಟೆಗೆ ಐವತ್ತೆರಡು ಸಲ ನಿಲ್ಲುತ್ತದೆ, ಹೀಗೇ ಬಿಟ್ಟರೆ ಹೃದಯ ಕೈಕೊಡುತ್ತದೆ ಎಂದರು. ಮೂಗಿಗೆ ಮಾಸ್ಕ್ ಹಾಕಿ ರಾತ್ರಿಯಿಡೀ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಬೇಕೆಂದು ಬರೆದುಕೊಟ್ಟರು. ಅದನ್ನು ಕಚೇರಿಯ ಆರೋಗ್ಯ ಶಾಖೆ ಕೊಡಬೇಕಿತ್ತು. ಸಾಹೇಬರು ಅರ್ಜಿಯಲ್ಲಿ ‘ನಿದ್ರೆಗಾಗಿ ಯಂತ್ರ’ ಎಂಬುದನ್ನು ಓದಿ ಬಹಳ ಸಂತೋಷಪಟ್ಟರು.

‘ಒಳ್ಳೇದಾಯ್ತು ಕಣ್ರೀ. ಇಷ್ಟು ದಿನ ಬರೀ ಕುರ್ಚೀಲೇ ದುಡಿದ್ರಿ. ಇನ್ನಾದ್ರೂ ಚೆನ್ನಾಗಿ ನಿದ್ದೆ ಮಾಡಿ,’ ಎಂದು ಸ್ಥಳದಲ್ಲೇ ಸಹಿ ಹಾಕಿದರು.

ಯಂತ್ರ ಬಂತು. ಅದು ಕಚೇರಿಯ ಸ್ವತ್ತಾದ್ದರಿಂದ ಯಂತ್ರಕ್ಕೂ ಮಾಸ್ಕಿನ ಹಣೆಪಟ್ಟಿಯ ಒಳಬದಿಗೂ ಬಿಳಿ ಬಣ್ಣದಲ್ಲಿ ‘ಸ್ವತ್ತು ಸಂಖ್ಯೆ ೭’ ಎಂದು ಬರೆಸಲಾಯಿತು. ಜೊತೆಗೊಂದು ಷರತ್ತು: ತೊಂಬತ್ತು ದಿನಗಳ ಕಾಲ ದಿನಕ್ಕೆ ಕನಿಷ್ಠ ನಾಲ್ಕು ಗಂಟೆ ಬಳಸತಕ್ಕದ್ದು, ತಪ್ಪಿದಲ್ಲಿ ಯಂತ್ರವನ್ನು ಹಿಂಪಡೆಯಲಾಗುವುದು. ಎಷ್ಟು ಹೊತ್ತು ಬಳಸಿದರೆಂದು ಯಂತ್ರವೇ ಶಾಖೆಗೆ ಚಾಡಿ ಹೇಳುತ್ತಿತ್ತು.

ಮೊದಲ ವಾರ ಗುಮಾಸ್ತರಿಗೆ ಸಾಕುಬೇಕಾಯಿತು. ಬಾಯಿ ತೆರೆದರೆ ಮೂಗಿನಿಂದ ಹೋದ ಗಾಳಿ ಬಾಯಿಂದ ಬುಸ್ ಎಂದು ಹೊರಬರುತ್ತಿತ್ತು. ಮಾಸ್ಕಿನ ಅಂಚು ಸ್ವಲ್ಪ ಸರಿದರೂ ಸೀಟಿ ಹೊಡೆಯುತ್ತಿತ್ತು. ಹೆಂಡತಿ ಕುಕ್ಕರ್ ಕೂಗಿತೆಂದು ನಿದ್ದೆಗಣ್ಣಲ್ಲೇ ಎದ್ದು ಹೋಗಿ ಉರಿಯದ ಒಲೆಯನ್ನು ಆರಿಸಿ ಬರುತ್ತಿದ್ದರು. ಬೆಳಗಾಗುವಷ್ಟರಲ್ಲಿ ಮಾಸ್ಕ್ ಮಂಚದ ಕೆಳಗೋ, ಹೆಂಡತಿಯ ಕಾಲಿಗೋ ಸಿಕ್ಕಿಕೊಂಡಿರುತ್ತಿತ್ತು. ಒಣಗಿದ ಬಾಯಿ, ಕೆಂಪು ಕಣ್ಣು, ಹಣೆಯ ಮೇಲೆ ತಿರುಗುಮುರುಗಾಗಿ ಅಚ್ಚೊತ್ತಿದ ಏಳು. ಎಂಟನೆಯ ದಿನ ಆರೋಗ್ಯ ಶಾಖೆಯಿಂದ ಪತ್ರ ಬಂತು: ‘ತಾವು ನಿನ್ನೆಯ ದಿನ ಕೇವಲ ನಲವತ್ತು ನಿಮಿಷ ನಿದ್ರಿಸಿರುವುದು ಕಂಡುಬಂದಿದ್ದು, ಇದು ಕರ್ತವ್ಯಲೋಪವಾಗಿರುತ್ತದೆ.’

ಗುಮಾಸ್ತರು ಡಾಕ್ಟರ ಬಳಿಗೆ ಓಡಿದರು. ಡಾಕ್ಟರು ಸಣ್ಣ ಮಾಸ್ಕ್ ಕೊಟ್ಟು, ಬಾಯಿ ಮುಚ್ಚಿರಲು ಗಲ್ಲಕ್ಕೊಂದು ಪಟ್ಟಿ ಕಟ್ಟಿ, ಯಂತ್ರದ ಡಬ್ಬಿಗೆ ನೀರು ಹಾಕುವುದನ್ನು ತೋರಿಸಿದರು. ಎಚ್ಚರವಿದ್ದಾಗಲೇ ಒಂದಿಷ್ಟು ಹೊತ್ತು ಹಾಕಿಕೊಂಡು ಪೇಪರ್ ಓದಿ, ಮುಖಕ್ಕೆ ರೂಢಿಯಾಗಲಿ ಎಂದರು. ಗುಮಾಸ್ತರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದರು. ಒಂದು ಬೆಳಗ್ಗೆ ಯಂತ್ರದಿಂದ ಕೊಳವೆ ಕಿತ್ತು, ಮಾಸ್ಕ್ ತೆಗೆಯುವುದನ್ನು ಮರೆತು, ಸೊಂಡಿಲು ತೂಗಾಡಿಸುತ್ತ ಪಕ್ಕದ ಮನೆಯ ಅಡುಗೆಮನೆ ದಾಟಿದರು.

‘ಏನಣ್ಣಾ, ಬಚ್ಚಲಿಗೆ ವಿಮಾನದಲ್ಲಿ ಹೊರಟ್ರಾ?’ ಎಂದು ಕೇಳಿದರು ಅಕ್ಕ, ಸೌಟು ಎತ್ತಿಕೊಂಡು.

ಹತ್ತೊಂಬತ್ತನೆಯ ರಾತ್ರಿ ಗುಮಾಸ್ತರು ಆರೂವರೆ ಗಂಟೆ ನಿದ್ರಿಸಿದರು. ಬೆಳಗ್ಗೆ ಎದ್ದಾಗ ತಲೆನೋವಿರಲಿಲ್ಲ. ತಲೆ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡರು. ಕಿಟಕಿಯಿಂದ ಬಿದ್ದ ಬಿಸಿಲು ಬಿಸಿಲಿನ ಹಾಗೆಯೇ ಕಂಡಿತು. ಎಷ್ಟೋ ವರ್ಷಗಳ ಮೇಲೆ ಅವರಿಗೆ ಸುಮ್ಮಸುಮ್ಮನೆ ಸಂತೋಷವಾಯಿತು. ಪಕ್ಕದಲ್ಲಿ ಹೆಂಡತಿ, ಎಣಿಸುವ ಕೆಲಸವಿಲ್ಲದೆ, ಬಾಯಿ ತೆರೆದು ಮಲಗಿದ್ದರು.

ಅನಾಹುತ ಶುರುವಾದದ್ದು ಅಂದಿನಿಂದ. ಹತ್ತೂವರೆಗೆ ಸಹಿ ಹಾಕಿ ಪೆನ್ನಿನ ಮುಚ್ಚಳ ಮುಚ್ಚಿದ ಗುಮಾಸ್ತರಿಗೆ ನಿದ್ದೆ ಬರಲಿಲ್ಲ. ಸ್ವಲ್ಪ ಹೊತ್ತು ಕಾದರು. ಆಮೇಲೆ ಮಾಡಲು ಬೇರೇನೂ ತೋಚದೆ, ಎದುರಿಗಿದ್ದ ಕಡತ ಬಿಚ್ಚಿ ಓದಿದರು. ಮೂರು ಮಹಡಿಯ ಕಟ್ಟಡದ ನಕ್ಷೆ. ಅವರು ಅದನ್ನು ಆ ಕಡೆಯಿಂದಲೂ ಈ ಕಡೆಯಿಂದಲೂ ತಿರುಗಿಸಿ ನೋಡಿ ಜವಾನನನ್ನು ಕರೆದರು.

‘ಇದ್ರಲ್ಲಿ ಮೆಟ್ಟಿಲು ಎಲ್ಲಿದೆ ನೋಡಯ್ಯ?’

ಜವಾನ ನೋಡಿದ. ‘ಮೇಲಿನ ಮಹಡೀಲಿರ್ಬೇಕು ಸಾರ್,’ ಅಂದ.

ಗುಮಾಸ್ತರು ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಆಕ್ಷೇಪಣೆ ಬರೆದರು: ‘ಮೆಟ್ಟಿಲು ಇರುವುದಿಲ್ಲ.’ ಬರೆದು ಮುಗಿಸಿದಾಗ ಕೈಗೆ ರುಚಿ ಹತ್ತಿತ್ತು. ನಾಲ್ಕೇ ದಿನಗಳಲ್ಲಿ ಹದಿನೇಳು ಆಕ್ಷೇಪಣೆ ಬರೆದರು. ಸಾಹೇಬರ ಕೋಣೆಯ ಮುಂದೆ ಕವರು ಕೊಟ್ಟವರ ಸಾಲು ನಿಂತಿತು. ಈ ಸಲ ಯಾರೂ ನಮಸ್ಕಾರ ಮಾಡುತ್ತಿರಲಿಲ್ಲ. ಹನ್ನೊಂದಾದರೂ ಗೊರಕೆ ಕೇಳದೆ ಜವಾನ ಚಹಾ ತರಲಿಲ್ಲ, ಹಾಗಾಗಿ ಇಡೀ ಕಚೇರಿಯೇ ಗುಮಾಸ್ತರ ಮೇಲೆ ಮುನಿಸಿಕೊಂಡಿತು.

ಐದನೆಯ ದಿನ ನೋಟಿಸು ಬಂತು: ‘ತಾವು ಪೂರ್ವಾನುಮತಿ ಇಲ್ಲದೆ ಕಚೇರಿ ವೇಳೆಯಲ್ಲಿ ಎಚ್ಚರವಾಗಿದ್ದು, ರೂಢಿಯಲ್ಲಿರುವ ಕಾರ್ಯವಿಧಾನಕ್ಕೆ ಭಂಗ ತಂದಿರುತ್ತೀರಿ. ತಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂಬುದಕ್ಕೆ ಖುದ್ದು ಹಾಜರಾಗಿ ಕಾರಣ ನೀಡತಕ್ಕದ್ದು.’

ವಿಚಾರಣೆ ಸಾಹೇಬರ ಕೋಣೆಯಲ್ಲೇ ನಡೆಯಿತು. ಆರೋಗ್ಯ ಶಾಖೆಯವರು ಪಕ್ಕದಲ್ಲಿ ಸ್ವತ್ತಿನ ಪುಸ್ತಕ ಹಿಡಿದು ಕೂತಿದ್ದರು.

‘ಮನೇಲೆಲ್ಲ ಆರಾಮಾ?’ ಸಾಹೇಬರು ಕನಿಕರದಿಂದಲೇ ಕೇಳಿದರು. ‘ಯಾಕ್ರೀ ಎಚ್ಚರವಾಗಿದೀರಿ? ಏನಾಯ್ತು?’

‘ರಾತ್ರಿ ಚೆನ್ನಾಗಿ ನಿದ್ದೆ ಬರ್ತಿದೆ ಸಾರ್.’

‘ಯಂತ್ರ ಆಫೀಸಿಂದು. ನಿದ್ದೆ ಮಾತ್ರ ಮನೆಗೆ. ಇದು ಸ್ವಂತಕ್ಕೆ ಬಳಸ್ಕೊಂಡ ಹಾಗಲ್ವಾ?’

‘ಸಾರ್, ಆ ಕಟ್ಟಡಕ್ಕೆ ಮೆಟ್ಟಿಲೇ ಇಲ್ಲ.’

‘ಇಲ್ದಿದ್ರೆ ಜಾರಿ ಬೀಳೋ ಭಯಾನೂ ಇಲ್ಲ.’

‘ಮೂರು ಮಹಡಿ ಸಾರ್. ಜನ ಹತ್ತೋದು ಹೇಗೆ?’

‘ಹತ್ತಲೇಬೇಕು ಅಂತ ನಾವೇನಾದ್ರೂ ಬರ್ಕೊಟ್ಟಿದೀವಾ?’

ಆರೋಗ್ಯ ಶಾಖೆಯವರು ಗಂಟಲು ಸರಿಮಾಡಿಕೊಂಡು, ಎಚ್ಚರ ಹೀಗೇ ಮುಂದುವರಿದರೆ ಸ್ವತ್ತು ಸಂಖ್ಯೆ ಏಳನ್ನು ಇವತ್ತೇ ಹಿಂಪಡೆಯಬೇಕಾಗುತ್ತದೆ ಎಂದರು. ಗಂಟೆಗೆ ಐವತ್ತೆರಡು ಸಲ ಎಂಬ ಮಾತು ಗುಮಾಸ್ತರಿಗೆ ನೆನಪಾಯಿತು. ಕತ್ತಲಲ್ಲಿ ಎಣಿಸುತ್ತ ಕೂರುವ ಹೆಂಡತಿ ನೆನಪಾದರು. ಗುಮಾಸ್ತರಿಗೆ ಹೆದರಿಕೆಯಾಯಿತು. ಹೀಗೆ ನೆಟ್ಟಗೆ ಹೆದರಿದ್ದು ಅವರ ಜೀವಮಾನದಲ್ಲಿ ಇದೇ ಮೊದಲು. ಹಿಂದೆಲ್ಲ ಹೆದರುವಷ್ಟರಲ್ಲಿ ನಿದ್ದೆ ಬಂದುಬಿಡುತ್ತಿತ್ತು.

‘ಯಂತ್ರ ಒಂದು ತಗೋಬೇಡಿ ಸಾರ್,’ ಅಂದರು. ‘ನೀವು ಹೇಳ್ದಂಗೆ ಕೇಳ್ತೀನಿ.’

ಸಂಜೆಯ ಒಳಗೆ ಆದೇಶ ಹೊರಬಿತ್ತು. ಕಚೇರಿಯ ಸ್ವತ್ತನ್ನು ಕಚೇರಿಯ ಹೊರಗೆ ಒಯ್ಯುವಂತಿಲ್ಲ. ಆಕ್ಷೇಪಣೆ ಗುಮಾಸ್ತರು, ರಜಾದಿನಗಳೂ ಸೇರಿದಂತೆ, ಪ್ರತಿದಿನ ಹನ್ನೊಂದರಿಂದ ಐದರವರೆಗೆ ಎರಡನೆಯ ಕೋಣೆಯಲ್ಲಿ, ಕಚೇರಿ ಒದಗಿಸುವ ಮಂಚದ ಮೇಲೆ, ಸದರಿ ಯಂತ್ರ ಧರಿಸಿ ನಿದ್ರಿಸತಕ್ಕದ್ದು. ಈಗಾಗಲೇ ಬರೆದ ಹದಿನೇಳು ಆಕ್ಷೇಪಣೆಗಳನ್ನು ನಿದ್ರಾಹೀನತೆಯಿಂದ ಬರೆದವುಗಳೆಂದು ಪರಿಗಣಿಸಿ ಕೈಬಿಡಲಾಗಿದೆ.

ಮರುದಿನವೇ ಮಂಚ ಬಂತು, ದಿಂಬು ಬಂತು, ಪ್ಲಗ್ಗು ಬಂತು. ಬಾಗಿಲಿಗೆ ‘ಸದ್ದು ಮಾಡಬೇಡಿ, ಕಡತ ಮಂಜೂರಾಗುತ್ತಿದೆ’ ಎಂಬ ಫಲಕ ಬಂತು. ಅರ್ಜಿದಾರರು ಚಪ್ಪಲಿ ಕೈಯಲ್ಲಿ ಹಿಡಿದು ಓಡಾಡಿದರು. ಕೆಲವರು ಬಾಗಿಲ ಸಂದಿಯಿಂದ ಇಣುಕಿ, ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿರುವುದನ್ನು ಕೇಳಿ, ತಮ್ಮ ಮನೆಯ ಗೋಡೆ ಏಳುತ್ತಿರುವುದನ್ನೇ ಕಂಡಷ್ಟು ಸಂತೋಷದಿಂದ ಹಿಂದಿರುಗಿದರು. ಗೊರಕೆ ಇಲ್ಲದ್ದರಿಂದ ಚಹಾದ ಹೊತ್ತು ತಿಳಿಯದೆ, ಕೊನೆಗೂ ಗೋಡೆ ಗಡಿಯಾರವನ್ನು ರಿಪೇರಿ ಮಾಡಿಸಲಾಯಿತು. ಆ ವರ್ಷ ಕಚೇರಿಯಲ್ಲಿ ನಡೆದ ಏಕೈಕ ಸುಧಾರಣೆ ಅದು.

ತೊಂಬತ್ತು ದಿನ ತುಂಬಿದಾಗ ಗುಮಾಸ್ತರು ವರದಿ ಹಿಡಿದು ಡಾಕ್ಟರ ಹೊಸ ಕ್ಲಿನಿಕ್ಕಿಗೆ ಹೋದರು. ಅದು, ಮಂಜೂರಾತಿಗೆ ಕಾಯದೆ ಮೊದಲೇ ಕಟ್ಟಿ ಮುಗಿಸಿದ್ದ, ಮೆಟ್ಟಿಲಿಲ್ಲದ ಆ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ರೋಗಿಗಳು ಹೊರಗಿನಿಂದ ಒರಗಿಸಿದ ಕಬ್ಬಿಣದ ಏಣಿ ಹತ್ತುತ್ತಿದ್ದರು. ಇದರಿಂದ ತೂಕ ಇಳಿಯುತ್ತದೆ, ತೂಕ ಇಳಿದರೆ ಉಸಿರು ಸಲೀಸು ಎಂದು ಏಣಿಯ ಬುಡದಲ್ಲಿ ಬರೆದಿತ್ತು. ಡಾಕ್ಟರು ವರದಿ ನೋಡಿ, ‘ಮೊದಮೊದಲು ಬಿಟ್ರೆ ದಿನಕ್ಕೆ ಆರು ಗಂಟೆ, ಒಂದು ದಿನಾನೂ ತಪ್ಪಿಲ್ಲ! ನನ್ನ ರೋಗಿಗಳಲ್ಲಿ ನಿಮ್ಮಂಥೋರು ಇನ್ನೊಬ್ರಿಲ್ಲ,’ ಎಂದು ಬೆನ್ನು ತಟ್ಟಿದರು.

ಮನೆಯಲ್ಲಿ ಗುಮಾಸ್ತರು ಈಗ ಪೂರ್ತಿ ಎಚ್ಚರ. ಹಗಲು ಆರು ಗಂಟೆ ಮಲಗಿ ಬಂದವರ ಹತ್ತಿರ ಸಂಜೆ ನಿದ್ದೆ ಸುಳಿಯುತ್ತಲೇ ಇರಲಿಲ್ಲ. ಕ್ಲಿನಿಕ್ಕಿನಿಂದ ಬಂದ ದಿನ, ಊಟ ಮುಗಿಸಿ, ಗೋಡೆಗೆ ದಿಂಬು ಒರಗಿಸಿ ಕೂತು, ‘ಹೇಳೇ. ಇವತ್ತು ಪೂರ್ತಿ ಕೇಳ್ತೀನಿ,’ ಎಂದರು. ಹೆಂಡತಿ ಎದುರಿಗೆ ಬಂದು ಕೂತರು. ಒಂಬತ್ತು ವರ್ಷ ಹಿಡಿದಿಟ್ಟಿದ್ದ ಮಾತು, ಎಲ್ಲಿ ಮತ್ತೆ ಅರ್ಧಕ್ಕೇ ನಿಲ್ಲುತ್ತದೋ ಎಂದು ಒಂದೇ ಉಸಿರಿಗೆ ಹೇಳಿದರು.

‘ರೀ, ಈ ಮನೆಗೆ ಯಾವ ಪುಣ್ಯಾತ್ಮ ಪರ್ಮಿಶನ್ ಕೊಟ್ಟ ಅಂತ ನಿಮ್ಮ ಆಫೀಸಲ್ಲಿ ಒಂದ್ಸಲ ನೋಡ್ಕೊಂಡು ಬನ್ನಿ. ಸಿಕ್ಕಿದ್ರೆ ಅವನನ್ನ ಇಲ್ಲಿಗೇ ಕರ್ಕೊಂಡು ಬನ್ನಿ. ಒಂದು ವಾರ ಅವನೇ ಟವೆಲ್ ಸುತ್ಕೊಂಡು ಪಕ್ಕದ್ಮನೆ ಅಡುಗೆಮನೇಲಿ ಓಡಾಡ್ಲಿ.’

ಗುಮಾಸ್ತರ ತಲೆ, ಈಗ ಚುರುಕಾಗಿದ್ದರಿಂದ, ತಕ್ಷಣ ಲೆಕ್ಕ ಹಾಕಿತು. ಮನೆ ಕಟ್ಟಿ ಒಂಬತ್ತು ವರ್ಷ. ತಾವು ಆ ಮೇಜಿಗೆ ಬಂದು ಹನ್ನೊಂದು. ಕೈ ತಾನಾಗಿಯೇ ಮಾಸ್ಕಿಗಾಗಿ ದಿಂಬಿನ ಪಕ್ಕ ತಡಕಾಡಿತು. ಮಾಸ್ಕ್ ಕಚೇರಿಯಲ್ಲಿತ್ತು.

‘ಯಾರದು, ಗೊತ್ತಾಯ್ತಾ ನಿಮ್ಗೆ?’ ಎಂದು ಕೇಳಿದರು ಹೆಂಡತಿ.

ಗುಮಾಸ್ತರು ಮೆಲ್ಲಗೆ ಕಣ್ಣು ಮುಚ್ಚಿ, ಗಲ್ಲವನ್ನು ಎದೆಗೆ ತಾಗಿಸಿ, ಗೊರಕೆ ಹೊಡೆಯತೊಡಗಿದರು. ತಮ್ಮ ಗೊರಕೆಯನ್ನು ತಾವೇ ಎಂದೂ ಕೇಳಿರದ ಕಾರಣ ಅಂದಾಜಿನ ಮೇಲೆ ಹೊಡೆದರು. ಹೆಂಡತಿ ಸ್ವಲ್ಪ ಹೊತ್ತು ತಲೆ ವಾರೆ ಮಾಡಿ ಕೇಳಿಸಿಕೊಂಡರು. ಅದೇ ಕಿವಿ, ಒಂಬತ್ತು ವರ್ಷ ಕೇಳಿದ ಕಿವಿ.

‘ಮಧ್ಯೆ ಉಸಿರು ನಿಲ್ಬೇಕು,’ ಅಂದರು. ‘ಮರ್ತಿದೀರಿ.’

ಗುಮಾಸ್ತರು ಆಕ್ಷೇಪಣೆಯನ್ನು ಒಪ್ಪಿಕೊಂಡು ಉಸಿರು ನಿಲ್ಲಿಸಿದರು. ಹೆಂಡತಿ ಒಂದರಿಂದ ಇಪ್ಪತ್ತರವರೆಗೆ ಎಣಿಸಿ, ಅಭ್ಯಾಸದಂತೆ ಮೊಣಕೈಯಿಂದ ಪಕ್ಕೆಗೆ ಒಂದು ತಿವಿದು, ಬಕೆಟ್ಟು ತೆಗೆದುಕೊಂಡು ಪಕ್ಕದ ಮನೆಯ ಅಡುಗೆಮನೆಯ ಕಡೆಗೆ ಹೊರಟರು. ಮುಂದೆ ಯಾವ ಆಕ್ಷೇಪಣೆಯೂ ಬಾರದ ಕಾರಣ ಗುಮಾಸ್ತರ ನಿದ್ರೆ ಮಂಜೂರಾಯಿತೆಂದು ಭಾವಿಸಲಾಯಿತು.