ಮನೆಯ ಹಿಂದಿನ ಭಾವ

ನಮ್ಮಕ್ಕನಿಗೆ ಇಬ್ಬರು ಗಂಡಂದಿರು! ಹೀಗೆಂದು ನಾನು ಹೇಳುತ್ತಿಲ್ಲ. ಹೇಳಿದರೆ ಅವಳು ಇಂಗ್ಲೆಂಡಿನಿಂದಲೇ ಪೊರಕೆ ಬೀಸಿಯಾಳು. ಹೇಳಿದ್ದು ಪೊಲೀಸರು. ಒಬ್ಬ ಗಂಡ ಇಂಗ್ಲೆಂಡಿನಲ್ಲಿ, ಇನ್ನೊಬ್ಬ ಮನೆಯ ಹಿತ್ತಲಲ್ಲಿ ಎಂದು ಶಾಯಿಯಲ್ಲಿ ಬರೆದು, ರುಜು ಹಾಕಿ, ಮೊಹರು ಒತ್ತಿ ಮೇಲಕ್ಕೆ ಕಳಿಸಿಬಿಟ್ಟಿದ್ದರು. ಮೊದಲನೆಯವರು ನನಗೆ ಚೆನ್ನಾಗಿ ಗೊತ್ತು, ನಮ್ಮ ಭಾವ. ಎರಡನೆಯವರೂ ಗೊತ್ತು. ಮಧುಗಿರಿಗೆ ಬಂದವರು ಯಾರೇ ಆಗಲಿ, ಕತ್ತೆತ್ತಿ ಅವರನ್ನು ನೋಡಿಯೇ ಮುಂದಕ್ಕೆ ಹೋಗಬೇಕು. ಅದು ನಮ್ಮೂರಿನ ಬೆಟ್ಟ!

ಭಾವನ ಹೆಸರು ಬೆಟ್ಟಯ್ಯ. ಎಲ್ಲ ಎಡವಟ್ಟಿಗೂ ಇದೇ ಮೂಲ. ಹೆಂಡತಿ ಬಾಯಿಬಿಟ್ಟು ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಎಂಬುದು ಆಗ ನಮ್ಮ ಕಡೆಯ ಹೆಂಗಸರ ನಂಬಿಕೆ. ಆದರೆ ಬೇರೆಯವರು ಅದನ್ನು ಹದವಾಗಿ ಪಾಲಿಸುತ್ತಿದ್ದರು. ರಾಮಯ್ಯನ ಹೆಂಡತಿ ರಾಮನವಮಿ ಎನ್ನುತ್ತಿದ್ದಳು, ಗಿಡ್ಡಪ್ಪನ ಹೆಂಡತಿ ಗಿಡ್ಡ ಎತ್ತನ್ನು ಗಿಡ್ಡ ಎತ್ತು ಎಂದೇ ಬೈಯುತ್ತಿದ್ದಳು. ನಮ್ಮಕ್ಕನಿಗೆ ಅಂಥ ಅರೆಬರೆ ವ್ರತ ಒಗ್ಗುವುದುಂಟೇ? ಹೆಸರಿನ ಜೊತೆಗೆ ಹೆಸರಿನೊಳಗಿನ ಬೆಟ್ಟವನ್ನೂ ಬಿಟ್ಟಳು. ಬಿಟ್ಟದ್ದಾದರೂ ಎಲ್ಲಿ? ಬೆಟ್ಟ ಎನ್ನದೆ ಯಾರಿಗೂ ದಾರಿ ತೋರಿಸಲಾಗದ ಊರಿನಲ್ಲಿ, ಅದರ ಬುಡದಲ್ಲೇ ಇರುವ ತೌರುಮನೆಯಲ್ಲಿ!

ಮದುವೆಯ ದಿನ ಹೊಸಿಲಲ್ಲಿ ತಡೆದು ಮದುವಣಗಿತ್ತಿಯಿಂದ ಹೆಸರು ಹೇಳಿಸುವ ಶಾಸ್ತ್ರವಿದೆಯಲ್ಲ, ಅವತ್ತೊಂದು ದಿನ ಎಲ್ಲರಿಗೂ ರಿಯಾಯಿತಿ. ಇವಳು ಆ ರಿಯಾಯಿತಿಯನ್ನೂ ಒಲ್ಲೆ ಎಂದಳು. ಐ.ಡಿ.ಹಳ್ಳಿಯಿಂದ ಬಂದಿದ್ದ ಗಂಡಿನ ಕಡೆಯ ಹುಡುಗಿಯರು ಬಾಗಿಲಿಗೆ ಅಡ್ಡ ನಿಂತು ಪೀಡಿಸಿದರೆ, ಬೆಟ್ಟದ ಕಡೆ ಕೈ ಮಾಡಿ, "ಅಕಾ, ಅಲ್ಲವ್ರೆ ನೋಡ್ಕಳಿ!" ಎಂದಳು. ಮದುವೆಗೆ ಬಂದವರೆಲ್ಲ ಮದುವಣಿಗನನ್ನು ಬೆಟ್ಟದ ಮೇಲೆ ಹುಡುಕತೊಡಗಿದರು. ಅವರು ಪಾಪ, ಚಪ್ಪರದ ಹಿಂದೆ ಕೈ ತೊಳೆಯುತ್ತಿದ್ದರು.

ಅಂದಿನಿಂದ ಗಂಡನಿಗೂ ಅವ್ರು, ಬೆಟ್ಟಕ್ಕೂ ಅವ್ರು. "ಅವ್ರ ಮ್ಯಾಗೆ ಮೋಡ ಬಂದೈತೆ, ಒಣಗಾಕಿರೋ ಮೆಣಸಿನಕಾಯಿ ಎತ್ತಿಕ್ಕವ್ವ!" ಎಂದು ಹಿತ್ತಲಿಂದ ಕೂಗುವಳು. "ಅವ್ರ ತಲೆ ಮ್ಯಾಗೆ ಕೋತಿ ಹಿಂಡು ಕುಂತೈತೆ" ಎನ್ನುವಳು. ಬೆಟ್ಟದ ನೆಲ್ಲಿಕಾಯಿ ಮಾರುವವಳು ಬಂದರೆ, "ಅವ್ರ ನೆಲ್ಲಿಕಾಯಿ ಹೆಂಗೆ ಕೊಟ್ಟೆ?" ಎಂದು ಕೇಳುವಳು. ಮಾರುವವಳು ಬುಟ್ಟಿ ತಬ್ಬಿಕೊಂಡು, "ಯಾರವೂ ಅಲ್ಲ ಕಣಕ್ಕ, ನನ್ವೇಯ! ದೇವ್ರಾಣೆ ಕದ್ದಿಲ್ಲ!" ಎಂದು ಅಳುವುದೊಂದು ಬಾಕಿ.

ಇಷ್ಟಕ್ಕೇ ನಿಲ್ಲುತ್ತಿತ್ತೇನೋ. ನಾನು ಮಿಡ್ಲ್ ಸ್ಕೂಲಿನ ಮೇಷ್ಟ್ರು, ಪಾಠ ಹೇಳುವ ಚಟ. ಒಂದು ದಿನ ಊಟಕ್ಕೆ ಕೂತಾಗ ಬಾಯಿ ತಡೆಯದೆ, "ಅಕ್ಕ, ಗಿರಿ ಅಂದ್ರೂ ಬೆಟ್ಟಾನೇ ಕಣಕ್ಕ. ನಮ್ಮೂರ ಹೆಸರಲ್ಲೂ ಭಾವ ಇದ್ದಾರೆ" ಎಂದುಬಿಟ್ಟೆ. ಅಕ್ಕ ಎತ್ತಿದ ಮುದ್ದೆಯ ತುತ್ತನ್ನು ಹಾಗೇ ತಟ್ಟೆಗಿಟ್ಟು ಕೆನ್ನೆ ಕೆನ್ನೆ ಬಡಿದುಕೊಂಡಳು. ಮಾರನೆಯ ವಾರ ನಾವಿಬ್ಬರೂ ಹೊಳವನಹಳ್ಳಿಯ ನೆಂಟರ ಮನೆಯಿಂದ ಬರುತ್ತಾ ಕೊರಟಗೆರೆಯಲ್ಲಿ ಬಸ್ಸು ಹತ್ತಿದೆವು. ಕಂಡಕ್ಟರು, "ಎಲ್ಲಿಗಮ್ಮಾ?" ಎಂದ. ಅಕ್ಕ, "ಮಧು..." ಎಂದು ನಿಲ್ಲಿಸಿದಳು.

"ಮಧು ಏನಮ್ಮಾ?"

"ಅಷ್ಟೇಯ. ಮಧು."

"ಅರ್ಧ ಊರಿಗೆಲ್ಲ ಟಿಕೆಟ್ ಕೊಡಕ್ಕಾಗಲ್ಲ ಕಣಮ್ಮ! ಪೂರ್ತಿ ಊರಿಗೆ ಹೋಗೋದಾದ್ರೆ ಹೇಳಿ!"

ಭಾವ ಕಂಬಳಿ ನೇಯುವ ಮನೆತನದವರು. ಉಣ್ಣೆಯನ್ನು ಬೆರಳಲ್ಲಿ ಹೊಸೆದೇ ಕುರಿಯ ವಯಸ್ಸು ಹೇಳುತ್ತಿದ್ದರು. ಬೆಂಗಳೂರಿನ ಉಣ್ಣೆ ಗಿರಣಿಗೆ ಸೇರಿ, ಅಲ್ಲಿನ ಯಂತ್ರಗಳನ್ನು ಪಳಗಿಸಿ, ಅಲ್ಲಿಂದ ಯಾರದೋ ಶಿಫಾರಸಿನ ಮೇಲೆ ಇಂಗ್ಲೆಂಡಿನ ಗಿರಣಿಗೇ ಹಾರಿದರು. ಅದುವರೆಗೆ ಆಗಾಗ ಬಂದುಹೋಗುತ್ತಿದ್ದ ಅಕ್ಕ ತೌರಿಗೇ ಬಂದು ಕೂತಳು. ವರ್ಷಗಳು ಹೋದವು. ಬೆಟ್ಟದ ಕಡೆ ಮುಖ ಮಾಡಿಯೇ ತಲೆ ಬಾಚುತ್ತಿದ್ದಳು, ಅಕ್ಕಿ ಆರಿಸುತ್ತಿದ್ದಳು. ಆಗಾಗ ಅದರ ಜೊತೆ ಜಗಳವನ್ನೂ ಆಡುತ್ತಿದ್ದಳು. ಒಂದು ದಿನ ಭಾವನ ಕಾಗದ ಬಂತು. ಮನೆ ಸಿಕ್ಕಿದೆ, ವೀಸಾ ಮಾಡಿಸಿ ಅವಳನ್ನು ಕಳಿಸಿ!

ಅಯ್ಯೋ, ನಮ್ಮ ಬೀದಿಯ ಸಂಭ್ರಮವನ್ನು ಏನೆಂದು ಹೇಳಲಿ! ಹಬ್ಬವೇ ಹಬ್ಬ! ಒಬ್ಬರು ಹುಚ್ಚೆಳ್ಳು ಪುಡಿ ತಂದರು, ಒಬ್ಬರು ರಾಗಿ ಹಿಟ್ಟು ತಂದರು, ಇನ್ನೊಬ್ಬರು ಅಲ್ಲಿ ಸಿಗುತ್ತೋ ಇಲ್ಲವೋ ಎಂದು ಮುದ್ದೆ ಕೋಲನ್ನೇ ತಂದರು. ನಮ್ಮ ಬೀದಿಯ ಬಾಯಲ್ಲಿ ವೀಸಾ ಎಂಬುದು ಈಸಾ ಆಗಿತ್ತು. "ಈಸ ಆಗ್ದೆ ಹೋಗಂಗಿಲ್ವಂತೆ" ಎಂಬುದು ಎದುರುಮನೆ ಅಜ್ಜಿಯ ಕಿವಿಗೆ ಬಿದ್ದದ್ದೇ ತಡ, ಎದೆ ಹಿಡಿದುಕೊಂಡು ಓಡಿ ಬಂತು. "ಅಯ್ಯೋ ನನ್ ಮಗ್ಳೇ! ಅಷ್ಟ್ ದೂರ ಈಸ್ಕಂಡೇ ಹೋಗ್ಬೇಕಾ? ನಿಂಗೆ ಬಾವಿಗಿಳಿಯಕ್ಕೇ ಭಯ ಅಲ್ವೇನೇ?"

ಮೊದಲು ಪಾಸ್‌ಪೋರ್ಟು, ಅದಕ್ಕೆ ಫೋಟೋ. ಸಿರಾ ಕಡೆಯ ಸಾಬರೊಬ್ಬರು ಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದರು. ಅವರ ಹತ್ತಿರ ಬಣ್ಣದ ಪರದೆಗಳಿದ್ದವು: ಒಂದರಲ್ಲಿ ಅರಮನೆ, ಒಂದರಲ್ಲಿ ಬೆಟ್ಟ. ಅಕ್ಕ ಒಳಗೆ ಕಾಲಿಟ್ಟವಳೇ ಬೆಟ್ಟದ ಪರದೆ ನೋಡಿ ನಾಚಿ ಸೆರಗು ಹೊದ್ದಳು.

"ಅವ್ರುನ್ನೇ ಇಳಿಬುಡಿ ಸಾಬ್ರೇ. ಜೋಡಿ ಫೋಟೋ ಆಯ್ತದೆ."

"ನಹೀ ಅಮ್ಮಾ, ಪಾಸ್‌ಪೋರ್ಟಿಗೆ ಸಫೇದ್ ಪರದೇನೇ ಇರಬೇಕು. ಹಿಂದೆ ಏನೂ ಇರಬಾರ್ದು."

"ಏನೂ ಇರ್ಬಾರ್ದಾ? ಮುತ್ತೈದೆ ನಾನು!"

ಸಾಬರು ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ. ಕೊನೆಗೆ ಆ ಪುಣ್ಯಾತ್ಮರು ಎರಡು ಫೋಟೋ ತೆಗೆದರು. ಬಿಳಿ ಪರದೆಯದ್ದು ಸರ್ಕಾರಕ್ಕೆ, ಬೆಟ್ಟದ್ದು ಅಕ್ಕನ ಪೆಟ್ಟಿಗೆಗೆ.

ಆಮೇಲೆ ಬಂದವರು ಪೊಲೀಸ್ ದಫೇದಾರರು, ಪಾಸ್‌ಪೋರ್ಟಿನ ವಿಚಾರಣೆಗೆ. ಪಾವಗಡದಿಂದ ಹೊಸದಾಗಿ ವರ್ಗವಾಗಿ ಬಂದಿದ್ದವರು. ನಾನು ಸ್ಕೂಲಿನಲ್ಲಿದ್ದೆ. ನಡೆದದ್ದನ್ನು ಅವ್ವ ಹೇಳಿದಂತೆ ಬರೆಯುತ್ತಿದ್ದೇನೆ.

"ಏಮಮ್ಮಾ, ಯಜಮಾನ್ರು ಎಲ್ಲಿದಾರೆ?"

"ಇಂಗ್ಲೆಂಡಾಗವ್ರೆ."

"ಈ ಮನೆಗೆ ಗುರುತೇನು?"

"ಅವ್ರ ಬುಡದಾಗಿರೋ ಮನೆ ಅಂತ ಬರ್ಕಳಿ."

"ಯಾರ ಬುಡದಲ್ಲಿ?"

"ಅವ್ರೇಯ. ಹಿತ್ತಲ ಕಡೆ ನಿಂತವ್ರಲ್ಲ, ಅವ್ರು."

ದಫೇದಾರರು ಹಿತ್ತಲಿಗೆ ಇಣುಕಿದರು. ಒಂದು ಹುಣಸೆ ಮರ, ಒಂದು ಎಮ್ಮೆ. ಅದರಾಚೆ ಆಕಾಶದವರೆಗೂ ನಿಂತಿದ್ದವರು ಅವರ ಕಣ್ಣಿಗೆ ಗಂಡನಂತೆ ಕಾಣಲಿಲ್ಲ, ಪಾಪ!

"ಇಲ್ಲಿ ಯಾವಾಗಿಂದ ಇದಾರಮ್ಮಾ?"

"ನಮ್ ತಾತನ ಕಾಲದಿಂದ್ಲೂ ಇಲ್ಲೇ ಅವ್ರೆ. ಅಲ್ಲಾಡಿಲ್ಲ."

"ಅಬ್ಬಾ! ಇವರಿಂದ ನಿಮಗೇನಾದ್ರೂ ತೊಂದ್ರೆ?"

"ಏನಿಲ್ಲ ಸ್ವಾಮಿ. ಬ್ಯಾಸಗೇಲಿ ಒಸಿ ಬಿಸಿಯಾಗ್ತಾರೆ, ಅಷ್ಟೇಯ."

ಹೀಗೆ ಹುಟ್ಟಿದ್ದು ಆ ಎರಡನೆಯ ಗಂಡ! ಪಾಸ್‌ಪೋರ್ಟು ನಿಂತಿತು. ನಾನು ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದೆ. ತಹಶೀಲ್ದಾರರು ಒಳ್ಳೆಯವರು. ನಗುವಷ್ಟೂ ನಕ್ಕು, ಆಮೇಲೆ ಮುಖ ಗಂಟು ಹಾಕಿಕೊಂಡು ಬರೆಸಿಕೊಟ್ಟರು: "ಸದರಿ ಮಹಿಳೆಯ ಎರಡನೆಯ ಗಂಡನೆಂಬುದು ಕಲ್ಲಿನದೆಂದು ಸ್ಥಳ ತನಿಖೆಯಿಂದ ಖಚಿತಪಟ್ಟಿರುತ್ತದೆ." ಪಾಸ್‌ಪೋರ್ಟು ಬಂತು!

ಉಳಿದದ್ದು ವೀಸಾ. ಅದಕ್ಕೆ ಮದರಾಸಿನಲ್ಲಿರುವ ಇಂಗ್ಲೆಂಡಿನವರ ಕಚೇರಿಗೆ ಹೋಗಿ ಬಿಳಿ ದೊರೆಯ ಎದುರು ಕೂರಬೇಕು. ನಮ್ಮ ಮದುವೆಗಳಿಗೆಲ್ಲಿಯ ಸರ್ಟಿಫಿಕೇಟು? ಅವಳು ನಿಜವಾಗಿ ಅವರ ಹೆಂಡತಿಯೇ ಎಂದು ದೊರೆ ಅವಳನ್ನೇ ಕೂರಿಸಿ ಕೇಳಿ ತಿಳಿಯುತ್ತಾನಂತೆ. ಅಕ್ಕನಿಗೆ ಹೆದರಿಕೆಯೇ ಇಲ್ಲ. ರೈಲಿನುದ್ದಕ್ಕೂ ಎದುರಿಗೆ ಕೂತವರಿಗೆಲ್ಲ ಹುರಿಗಾಳು ಹಂಚುತ್ತಾ, "ಇಂಗ್ಲೆಂಡಿಗೆ ಹೊಂಟಿವ್ನಿ" ಎಂದು ಸಾರಿದಳು. ಮದರಾಸಿಗೆ ಇಳಿದು ಸಮುದ್ರದ ದಡಕ್ಕೆ ಬಂದ ಮೇಲೆ ಮಾತ್ರ ಹುರಿಗಾಳಿನ ಗಂಟು ಬಿಗಿದು ಸುತ್ತ ನೋಡಿದಳು. ಎತ್ತ ತಿರುಗಿದರೂ ಮಟ್ಟಸ.

"ಲೇ, ಇಲ್ಲಿ ಅವ್ರೇ ಇಲ್ವಲ್ಲೋ" ಎಂದಳು.

ಕಚೇರಿಯಲ್ಲಿ ದೊರೆ, ಪಕ್ಕದಲ್ಲಿ ಕನ್ನಡ ಬಲ್ಲ ತಮಿಳು ಹೆಂಗಸೊಬ್ಬರು ದುಭಾಷಿ. ಗೋಡೆ ಪಕ್ಕದ ಕುರ್ಚಿಯಲ್ಲಿ ನಾನು. ತುಟಿ ಬಿಚ್ಚಕೂಡದೆಂದು ಅಪ್ಪಣೆಯಾಗಿತ್ತು. ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೇ?

ಮೊದಲ ಪ್ರಶ್ನೆ, "ನಿಮ್ಮ ಗಂಡ ನೋಡಲು ಹೇಗಿದ್ದಾರೆ?"

ಅಕ್ಕ ಸರಳವಾಗಿ ಕೇಳಿದಳು, "ಯಾರು, ಊರಾಗಿರೋರಾ, ಇಂಗ್ಲೆಂಡಾಗಿರೋರಾ?"

ದುಭಾಷಿಯಮ್ಮ ಕಣ್ಣರಳಿಸಿ, ಅಕ್ಕನನ್ನು ಮತ್ತೆ ಮತ್ತೆ ಕೇಳಿ, ಕೊನೆಗೆ ನಮ್ಮ ಭಾಗ್ಯಕ್ಕೆ ಅರ್ಥ ಮಾಡಿಕೊಂಡು ದೊರೆಗೆ ವಿವರಿಸಿದರು. ದೊರೆ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದ. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಾಯಿತು. ಮನೆ, ಮಾವ, ಮದುವೆ, ಎಲ್ಲಕ್ಕೂ ಅಕ್ಕ ಪಟಪಟನೆ ಉತ್ತರ ಕೊಟ್ಟಳು. ಕೊನೆಗೆ ಬಂತು, "ಗಂಡನ ಹೆಸರು?"

ಅಕ್ಕ ಕಿಟಕಿಯ ಕಡೆ ತಿರುಗಿದಳು. ಕೈ ಮಾಡಿ ತೋರಿಸಲು ಅಲ್ಲಿ ಏನೂ ಇರಲಿಲ್ಲ.

"ನಮ್ ತಮ್ಮ ಹೇಳ್ತಾನೆ."

"ನೀವೇ ಹೇಳಬೇಕಮ್ಮ. ನಮ್ಮ ಹೆಂಗಸರ ಪದ್ಧತಿ ಅಂತ ದೊರೆಗೂ ಹೇಳಿದೀನಿ. ಆದರೆ ನಿಮ್ಮ ಬಾಯಿಂದಲೇ ಬರಬೇಕಂತೆ."

"ಹೇಳ್ದೆ ಇದ್ರೆ?"

"ಹೋಗಕ್ಕಾಗಲ್ಲ."

ಅಕ್ಕ ನನ್ನ ಕಡೆ ನೋಡಿದಳು. ಅಂಥ ನೋಟವನ್ನು ಅವಳ ಕಣ್ಣಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ. ನಾವೆಲ್ಲ ಬಿದ್ದು ಬಿದ್ದು ನಕ್ಕ ಆ ವ್ರತ ಅವಳಿಗೆ ಒಂದು ದಿನವೂ ತಮಾಷೆಯಾಗಿರಲಿಲ್ಲ. ಆ ಚಳಿಯ ಸೀಮೆಯಲ್ಲಿ ಗಂಡನನ್ನು ಬದುಕಿಸಿಟ್ಟಿರುವುದು ತನ್ನ ಮುಚ್ಚಿದ ಬಾಯಿಯೇ ಎಂದು ಅವಳು ನಂಬಿದ್ದಳು. ಹೇಳದಿದ್ದರೆ ಅವರ ಹತ್ತಿರ ಹೋಗುವಂತಿಲ್ಲ, ಹೇಳಿದರೆ ಅವರ ಆಯಸ್ಸು ಹೋಗುತ್ತದೆ.

ಸೆರಗನ್ನು ತಲೆಗೆ ಹೊದ್ದಳು. ತಾಳಿ ತೆಗೆದು ಕಣ್ಣಿಗೊತ್ತಿಕೊಂಡಳು. ಯಾವ ದೇವರ ಜೊತೆ ಮಾತಾಡಿದಳೋ, "ಏನ್ ಕಮ್ಮಿ ಆಯ್ತದೋ ಅದ್ನ ನನ್ ಆಯಸ್ಸಾಗೆ ಮುರ್ಕಳವ್ವ. ಅವ್ರುದ್ನ ಮುಟ್ಬ್ಯಾಡ" ಎಂದಳು. ಆಮೇಲೆ ತಲೆಯೆತ್ತಿ, ಮೆಲ್ಲಗೆ, ಒಂದಕ್ಷರವೂ ತಪ್ಪದಂತೆ ಹೇಳಿದಳು.

"ಬೆಟ್ಟಯ್ಯ."

ದೊರೆ ಬರೆದುಕೊಂಡ. ಹೆಸರಿಗೆ ಮುಂಚೆ ಅವಳು ಬೇಡಿಕೊಂಡದ್ದೇನು ಎಂದು ಕೇಳಿದ. ದುಭಾಷಿಯಮ್ಮ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಅದನ್ನೂ ಇಂಗ್ಲಿಷಿನಲ್ಲಿ ಹೇಳಿದರು. ಆತ ಮುಂದೆ ಒಂದು ಪ್ರಶ್ನೆಯನ್ನೂ ಕೇಳದೆ ಮೊಹರು ಎತ್ತಿಕೊಂಡ.

ಹೊರಗೆ ಬಂದು ಮರದ ನೆರಳಲ್ಲಿ ನಿಂತಾಗ ಅಕ್ಕ ಕಣ್ಣೊರೆಸಿಕೊಂಡು ನಕ್ಕಳು. "ಲೇ, ಎಷ್ಟ್ ಚೆಂದಾಗೈತ್ಲಾ ಹೆಸ್ರು!" ಎಂದಳು.

ವಾಪಸ್ಸು ಬರುವಾಗ ಕೊರಟಗೆರೆಯಲ್ಲಿ ಅದೇ ಕಂಡಕ್ಟರು. ಅಕ್ಕ ಬಾಯಿ ತೆರೆಯುವ ಮೊದಲೇ ಪೂರ್ತಿ ಊರಿನ ಟಿಕೆಟ್ ಹರಿದುಕೊಟ್ಟ. ದೂರದಲ್ಲಿ ಬೆಟ್ಟದ ನೆತ್ತಿ ಕಂಡಿತು. ನಾನು ರೇಗಿಸಿದೆ, "ಒಂದ್ಸಲ ಹೇಳಿದ್ದಾಯ್ತಲ್ಲಕ್ಕ, ಇನ್ನೇನು? ಬೆಟ್ಟ ಅನ್ನು ನೋಡಾನ!"

"ಥೂ, ಸುಮ್ಕಿರ್ಲಾ. ಒಂದ್ಕಿತ ಹೇಳಿದ್ಕೆ ನಂದು ಎಷ್ಟ್ ಹೋಯ್ತೋ ಏನೋ. ಉಳ್ದಿರಾದ್ನ ಅವ್ರ ಜೊತೆ ಬಾಳಕ್ಕೆ ಇಕ್ಕಂತೀನಿ."

ನಾನೆದ್ದು ಬೆಟ್ಟ ಕಾಣುವ ಕಿಟಕಿಯ ಸೀಟನ್ನು ಅವಳಿಗೆ ಬಿಟ್ಟುಕೊಟ್ಟೆ.

ಹೊರಡುವ ದಿನ ಬೀದಿಗೆ ಬೀದಿಯೇ ಬಸ್ ಸ್ಟ್ಯಾಂಡಿನಲ್ಲಿತ್ತು. ಅವಳ ಪೆಟ್ಟಿಗೆಯಲ್ಲಿ ಐ.ಡಿ.ಹಳ್ಳಿಯ ಕರಿ ಕಂಬಳಿ, ಹುಚ್ಚೆಳ್ಳು ಪುಡಿ, ಮುದ್ದೆ ಕೋಲು, ಬೆಟ್ಟದ ಪರದೆಯ ಫೋಟೋ. ಬಸ್ಸು ಹತ್ತುವ ಮುಂಚೆ ಬೆಟ್ಟದ ಕಡೆ ತಿರುಗಿ ಕೈ ಮುಗಿದು, ನನಗೆ "ಅವ್ರುನ್ನ ನೋಡ್ಕಳ್ಲಾ" ಎಂದಳು.

"ಯಾರನ್ನಕ್ಕ?"

"ಇಲ್ಲಿರೋರ್ನ. ಅಲ್ಲಿರೋರ್ನ ನಾನ್ ನೋಡ್ಕಂತೀನಿ."

ಸ್ಕೂಲಿನಲ್ಲಿ ಮಕ್ಕಳಿಗೆ ಬೆಟ್ಟ ಎಂದರೆ ಬೆಟ್ಟ ಎಂದೇ ಪಾಠ ಹೇಳುತ್ತೇನೆ, ಸಂಬಳ ಕೊಡುವುದು ಅದಕ್ಕೇ. ಆದರೆ ಅವಳು ಹೊರಟುಹೋದ ವಾರ ಒಂದು ಸಂಜೆ ಹಿತ್ತಲಿಗೆ ಹೋದವನು ಕತ್ತೆತ್ತಿ ನೋಡಿದೆ. ನೋಡುತ್ತಿದ್ದಂತೆ ಬಾಯಿ ತನ್ನಷ್ಟಕ್ಕೆ ತಾನೇ ಕೂಗಿತು, "ಅವ್ವಾ, ಭಾವನ ಮೇಲೆ ಮೋಡ ಬಂದಿದೆ, ಮೆಣಸಿನಕಾಯಿ ಎತ್ತಿಡು!" ಅವ್ವ ಬೈಯುತ್ತಾಳೆಂದು ಕಾದೆ. ಅವಳು ಬಾಗಿಲಿಗೆ ಬಂದು, ಬೆಟ್ಟವನ್ನೊಮ್ಮೆ ನೋಡಿ, ಸೆರಗಿನಿಂದ ಕಣ್ಣೊತ್ತಿಕೊಂಡು ಮೆಣಸಿನಕಾಯಿ ಬಾಚತೊಡಗಿದಳು.