ಉಳಿದೊಂದು ಕಿವಿಗೆ ಸಿ.ಡಿ. ಪ್ಲೇಯರ್

ಈ ಕಾಲದಲ್ಲಿ ಸಿ.ಡಿ. ಪ್ಲೇಯರ್ ಕೊಳ್ಳಲು ಹೊರಟಿದ್ದೇನೆ ಎಂದು ನಾಲ್ಕು ಜನರೆದುರು ಹೇಳುವುದಕ್ಕೆ ಧೈರ್ಯ ಬೇಕು. ಈ ವಯಸ್ಸಿನಲ್ಲಿ ಎರಡನೆಯ ಮದುವೆಯಾಗುತ್ತೇನೆ ಎಂದಿದ್ದರೂ ಹೆಣ್ಣು ಯಾವ ಊರಿನದು ಎಂದು ಕೇಳಿ ಸುಮ್ಮನಾಗುತ್ತಿದ್ದರೇನೋ. ಸಿ.ಡಿ. ಪ್ಲೇಯರ್ ಎಂದರೆ ಮಾತ್ರ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಹೆಂಡತಿಯ ಮುಖ ನೋಡುತ್ತಾರೆ, ಕೊನೆಗೆ ಜೇಬಿನಿಂದ ಮೊಬೈಲ್ ತೆಗೆದು, "ಇದರಾಗ ಎಲ್ಲಾ ಹಾಡೂ ಅದಾವಲ್ರಿ ಯಜಮಾನ್ರ" ಎನ್ನುತ್ತಾರೆ. ಇವೆ, ನಾನು ಇಲ್ಲ ಎಂದಿಲ್ಲ. ಆದರೆ ನನ್ನ ಬಳಿ ಒಂದು ಕಪಾಟಿನ ತುಂಬ ಡಿಸ್ಕುಗಳಿವೆ, ಬಾಗಿಲಷ್ಟು ಎತ್ತರದ ಎರಡು ಸ್ಪೀಕರುಗಳಿವೆ, ಚಳಿಗಾಲದಲ್ಲಿ ಕೈ ಕಾಯಿಸಿಕೊಳ್ಳಬಹುದಾದ ಒಂದು ಆಂಪ್ಲಿಫೈಯರ್ ಇದೆ. ಇವಕ್ಕೆಲ್ಲ ಜೀವ ಕೊಡುತ್ತಿದ್ದ ಪ್ಲೇಯರ್ ಮಾತ್ರ ಸತ್ತುಹೋಗಿತ್ತು.

ಅದು ಸತ್ತದ್ದು ಮೆಣಸಿನಕಾಯಿಯಿಂದ. ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ ಇಟ್ಟುಕೊಂಡವನು. ಕಳೆದ ಸುಗ್ಗಿಯಲ್ಲಿ ಊರಿನ ಶೀತಲ ಗೋದಾಮುಗಳೆಲ್ಲ ತುಂಬಿ, ಒಳ್ಳೆಯ ಮಾಲಿನ ಚೀಲಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಡಿನ ಕೋಣೆಯಲ್ಲಿ ಇಡಿಸಿದೆ. ನಮ್ಮ ಮನೆಯಲ್ಲಿ ಥಂಡಿ ಹಿಡಿಯದ ಕೋಣೆ ಅದೊಂದೇ. ಸಂಗೀತಕ್ಕೆಂದು ಅಷ್ಟು ಜತನದಿಂದ ಕಟ್ಟಿಸಿದ್ದೆ. ಚೀಲ ಒಯ್ದ ಮೇಲೆ ಪ್ಲೇಯರಿನ ತಟ್ಟೆ ಹೊರಗೆ ಬಂತು, ಒಳಗೆ ಹೋಗಲಿಲ್ಲ. ಅದನ್ನು ಎತ್ತಿಕೊಂಡು ಹಾವೇರಿಗೆ ಹೋದೆ. ಅಲ್ಲಿಯ ರಿಪೇರಿಯವನು ಮುಚ್ಚಳ ಬಿಚ್ಚಿ ಬಗ್ಗಿ ನೋಡಿದವನೇ ಒಂದೇ ಸಮನೆ ಸೀನತೊಡಗಿದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕೊನೆಗೆ ಉಸಿರು ಹಿಡಿದು, "ಹಾಡು ಕೇಳ್ತಿದ್ರ್ಯೋ, ಇದರಾಗ ಒಗ್ಗರಣಿ ಹಾಕ್ತಿದ್ರ್ಯೋ?" ಎಂದ. ಲೆನ್ಸಿನ ಮೇಲೆ ಕೆಂಪು ಪುಡಿ ಕೂತಿತ್ತು. ಬಣ್ಣ ಬಹಳ ಚೆನ್ನಾಗಿತ್ತು, ಅದನ್ನು ಮಾತ್ರ ಗಮನಿಸಿದೆ.

ಪ್ಲೇಯರ್ ಹೋದರೆ ಹೋಯಿತು, ಇನ್ನೊಂದು ಯಾವಾಗಲಾದರೂ ಕೊಂಡರಾಯಿತು ಎಂದು ಬಿಡಬಹುದಿತ್ತು. ಬಿಡುವಂತಿರಲಿಲ್ಲ. ನನ್ನ ಬಲಗಿವಿ ಎಂದೋ ಕೈಕೊಟ್ಟಿದೆ. ಎಡಗಿವಿ ಅದರ ಹಿಂದೆಯೇ ಹೊರಟಿದೆ. ಹುಬ್ಬಳ್ಳಿಯ ಡಾಕ್ಟರು ನನ್ನನ್ನು ಗಾಜಿನ ಡಬ್ಬಿಯಂಥ ಕೋಣೆಯಲ್ಲಿ ಕೂಡಿಸಿ ಪರೀಕ್ಷೆ ಮಾಡಿ, "ನರ ಒಣಗ್ಯಾವ್ರಿ. ಮಷೀನ್ ಹಾಕ್ಕೊಂಡ್ರ ಮಾತು ಕೇಳಸ್ತೈತಿ. ಸಂಗೀತ ಅಂದ್ರ ಮದ್ಲಿನಂಗ ಕೇಳಸಂಗಿಲ್ಲ" ಎಂದರು. ಎಷ್ಟು ದಿನ ಉಳಿಯುತ್ತದೆ ಎಂದು ಕೇಳಿದೆ. "ಅದನ್ನ ಹೇಳಾಕ ಬರಂಗಿಲ್ರಿ" ಎಂದರು. ಮೆಣಸಿನಕಾಯಿಯವನಾದ ನನಗೆ, ಒಣಗಿದ್ದು ಮತ್ತೆ ಹಸಿಯಾಗುವುದಿಲ್ಲವೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ಸಿನಲ್ಲಿ ಬರುವಾಗ ನನಗೆ ಭಯವಾಯಿತು. ಸಾಯುವ ಭಯವಲ್ಲ, ಅದಕ್ಕಿನ್ನೂ ವೇಳೆಯಿದೆ ಎಂದುಕೊಂಡಿದ್ದೇನೆ. ಸಾಯುವವರೆಗೆ ಆ ಸದ್ದಿಲ್ಲದ ಗಾಜಿನ ಡಬ್ಬಿಯಲ್ಲೇ ಕೂತಿರಬೇಕಲ್ಲ ಎಂಬ ಭಯ.

ಕಿವಿ ಕೇಳದವನ ಕಷ್ಟ ಊರಿಗೆಲ್ಲ ತಮಾಷೆ. ನಾನೂ ನಕ್ಕವನೇ. ಕೇಳದಿದ್ದಾಗ ಎದುರಿನವರ ಮಾತಿಗೆ ನಗುತ್ತಾ ತಲೆಯಾಡಿಸುವುದು ನಾನು ಕಂಡುಕೊಂಡಿದ್ದ ಉಪಾಯ. ಹತ್ತರಲ್ಲಿ ಒಂಬತ್ತು ಸಲ ನಡೆಯುತ್ತದೆ. ಹತ್ತನೆಯ ಸಲ ಕರ್ಜಗಿಯ ರೈತರೊಬ್ಬರು ಅಂಗಡಿಗೆ ಬಂದು ಏನೋ ಹೇಳಿದರು. ನಾನು ಮುಖವರಳಿಸಿ, "ಭಾಳ ಚಲೋ ಆತು ಬಿಡ್ರಿ, ಪೇಢೆ ಎಲ್ಲಿ?" ಎಂದೆ. ಅವರು ಹೇಳಿದ್ದು, ತಂದೆ ತೀರಿಕೊಂಡರು ಎಂದು. ಆಮೇಲೆ ಮನೆಗೇ ಹೋಗಿ ಕೈಮುಗಿದು ಬಂದೆ, ಅವರೂ ಕ್ಷಮಿಸಿದರು. ಆದರೆ ಈಗ ಅವರ ಮೆಣಸಿನಕಾಯಿ ಬೇರೆ ಅಂಗಡಿಗೆ ಹೋಗುತ್ತದೆ.

ಹೀಗಾಗಿ, ಇದ್ದಷ್ಟು ಕಿವಿಯಲ್ಲಿ ಒಳ್ಳೆಯದೊಂದು ಪ್ಲೇಯರನ್ನು ನಾನೇ ಕೇಳಿ ಆರಿಸಬೇಕು, ಉಳಿದ ದಿನ ಅದರಲ್ಲೇ ಕೇಳಬೇಕು ಎಂದು ಹಟ ಹಿಡಿದೆ. ಹಾವೇರಿಯ ದೊಡ್ಡ ಅಂಗಡಿಯಲ್ಲಿ ಕೇಳಿದಾಗ ಅವರು ಡ್ರಮ್ಮಿನಂಥ ಒಂದು ಪೆಟ್ಟಿಗೆ ತೋರಿಸಿದರು. ಅದರ ಹೊಟ್ಟೆಯಲ್ಲಿ ಕೆಂಪು ಹಸಿರು ದೀಪ ತಿರುಗುತ್ತಿತ್ತು. "ಮೈಕ್ ಫ್ರೀ ಐತ್ರಿ. ಗಣಪತಿ ಹಬ್ಬಕ್ಕೂ ನಡೀತೈತಿ" ಎಂದರು. ನಾನು ಸಿಟ್ಟಿನಿಂದ ಹೊರಬಿದ್ದೆ. ಹೆಂಡತಿ ಗಿರಿಜಾ ಹಿಂದೆ ಬಂದು ಎಡಗಿವಿಯ ಕಡೆ ನಿಂತು, "ಅಂವಗ ಯಾಕ ಬೈತೀರಿ? ಇರೋದನ್ನ ತೋರಿಸಿದ" ಎಂದಳು. ಈಗ ನಾವು ಎಲ್ಲಿಗೆ ಹೋದರೂ ಅವಳು ನನ್ನ ಎಡಕ್ಕೇ ಇರುತ್ತಾಳೆ. ಸಂಗೀತದ ಗಂಧಗಾಳಿ ತನಗಿಲ್ಲ ಎನ್ನುತ್ತಾಳೆ, ಆದರೆ ಮಿಕ್ಸರಿನ ಸದ್ದಿನ ಮೇಲೆಯೇ ಚಟ್ನಿ ನುಣ್ಣಗಾಯಿತೋ ಇಲ್ಲವೋ ಹೇಳುತ್ತಾಳೆ. ಅಂಥ ಕಿವಿ ನನಗಿಲ್ಲವಲ್ಲ ಎಂದು ಈಚೆಗೆ ಹೊಟ್ಟೆಕಿಚ್ಚಾಗುತ್ತದೆ.

ಕೊನೆಗೆ ರಾಣೆಬೆನ್ನೂರಿನಲ್ಲಿ, ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಒಂದು ಅಂಗಡಿ ಸಿಕ್ಕಿತು. ಮದುವೆ ಮನೆಗಳಿಗೆ ಸೌಂಡ್ ಸಿಸ್ಟಮ್ ಕೊಡುವ ವೀರೇಶ ಎಂಬವರದು. ಅವರಲ್ಲಿ ಎರಡು ಪ್ಲೇಯರುಗಳಿದ್ದವು: ಒಂದು ಬೆಳ್ಳಿ ಬಣ್ಣದ್ದು, ಒಂದು ಕರಿದು. "ಎರಡೂ ಆಂಪ್ಲಿಫೈಯರಿಗೆ ಕೂಡಿಸ್ತೇನ್ರಿ, ಕೇಳಿ ತಗೋರಿ. ಅವಸರ ಇಲ್ಲ, ಕುಂದ್ರಿ" ಎಂದು ಕುರ್ಚಿ ಎಳೆದು ಕೊಟ್ಟರು. ನಾನು ಮನೆಯಿಂದ ತಂದಿದ್ದ ಭೀಮಪಲಾಸ ರಾಗದ ಡಿಸ್ಕನ್ನು ಕೊಟ್ಟೆ. ಅವರು ಮೊದಲಿನಿಂದ ಹಚ್ಚಲು ಹೋದರು. ತಡೆದೆ. ನಮ್ಮ ಮಾರ್ಕೆಟ್ಟಿನಲ್ಲಿ ಚೀಲದ ಬಾಯಿಯ ಮಾಲು ನೋಡಿ ಯಾರೂ ದರ ಹೇಳುವುದಿಲ್ಲ; ಒಳ್ಳೆಯ ಕಾಯಿಯನ್ನೇ ಮೇಲಿಟ್ಟಿರುತ್ತಾರೆ. ನಡುವಿಗೆ ಕೈ ಹಾಕಿ ಒಂದು ಮುಷ್ಟಿ ತೆಗೆಯಬೇಕು. "ನಡುವಿಂದ ಹಚ್ಚರಿ, ದ್ರುತ್ ಲಯ ಶುರು ಆಗೋ ಕಡಿಂದ" ಎಂದೆ. ವೀರೇಶ ಗಿರಿಜಾಳ ಕಡೆ ನೋಡಿದರು. ಅವಳು, "ಹಚ್ಚರಿ, ಇವರು ಬದನಿಕಾಯಿನೂ ಬುಟ್ಟಿ ನಡುವಿಂದನ ತಗೋತಾರ" ಎಂದಳು.

ಬೆಳ್ಳಿಯದನ್ನು ಕೇಳಿದೆ. ಎಡಗಿವಿಯನ್ನು ಸ್ಪೀಕರಿಗೆ ಕೊಟ್ಟು, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕೇಳಿದೆ. ಸ್ವರಗಳು ಗೋಣಿಯೊಳಗಿಂದ ಬಂದಂತಿದ್ದವು. ತಬಲಾ ಇತ್ತು, ಅದರ ಕೊನೆಯ ಗುಂಗು ಇರಲಿಲ್ಲ. ತಂಬೂರಿಯಂತೂ ಇಲ್ಲವೇ ಇಲ್ಲ. ಕಣ್ಣು ತೆರೆದು, "ಇದು ನಡಿಯಂಗಿಲ್ಲ. ಕರಿದನ್ನ ಹಚ್ಚರಿ" ಎಂದೆ. ಅವರು ಅದೇ ಡಿಸ್ಕನ್ನು ಕರಿಯದಕ್ಕೆ ಹಾಕಿ ಗುಂಡಿ ಒತ್ತುವುದನ್ನು ನೋಡಿ ಮತ್ತೆ ಕಣ್ಣು ಮುಚ್ಚಿದೆ.

ಕರಿಯದು ಬೇರೆಯೇ ಆಗಿತ್ತು. ತಂಬೂರಿ ಎದೆಯ ಹತ್ತಿರ ಬಂದು ನಿಂತಿತು. ತಾನುಗಳು ಒಂದೊಂದೂ ಬಿಡಿಬಿಡಿಯಾಗಿ ಇಳಿದುಬಂದವು. ಗಾಯಕರು ನಡುವೆ ಸಣ್ಣಗೆ ಕೆಮ್ಮುವುದೂ ಕೇಳಿಸಿತು. ಆ ಕೆಮ್ಮನ್ನು ನಾನು ಮರೆತೇ ಬಿಟ್ಟಿದ್ದೆ. ತೊಡೆಯ ಮೇಲೆ ತಾಳ ಹಾಕಿದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಡಾಕ್ಟರಿಗೆ ಏನು ತಿಳಿಯುತ್ತದೆ, ಕೆಟ್ಟದ್ದು ಯಂತ್ರ, ಕಿವಿಯಲ್ಲ ಎನಿಸಿ, ಆ ಕುರ್ಚಿಯಲ್ಲಿ ಎಷ್ಟೋ ತಿಂಗಳ ಮೇಲೆ ಮನಸ್ಸು ಹಗುರವಾಯಿತು. ಹಾಡು ಮುಗಿಯುವವರೆಗೂ ಕೇಳಿ, ಕಣ್ಣು ತೆರೆದು, "ಇದು ನೋಡ್ರಿ ಪ್ಲೇಯರ್ ಅಂದ್ರ!" ಎಂದು ಕೂಗಿದೆ.

ವೀರೇಶ ಕೈಕಟ್ಟಿ ನೆಲ ನೋಡುತ್ತ ನಿಂತಿದ್ದರು. ಗಿರಿಜಾ ಸೆರಗನ್ನು ಬಾಯಿಗೆ ಒತ್ತಿಕೊಂಡು ರಸ್ತೆ ನೋಡುತ್ತಿದ್ದಳು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಆದರೆ ಕರಿಯ ಪ್ಲೇಯರಿನ ಮುಖದಲ್ಲಿ ಒಂದು ದೀಪವೂ ಇರಲಿಲ್ಲ, ಆಂಪ್ಲಿಫೈಯರಿನ ಕಣ್ಣೂ ಆರಿತ್ತು.

"ಯಾವಾಗ ಹೋತು ಕರೆಂಟು?" ಎಂದೆ.

ವೀರೇಶ ನನ್ನ ಎಡಕ್ಕೆ ಬಂದು ಬಗ್ಗಿ, "ಗುಂಡಿ ಒತ್ತಿದ ಕೂಡ್ಲೇನ ಹೋತ್ರಿ. ಇನ್ವರ್ಟರ್‌ನ್ಯಾಗ ಬರೇ ಫ್ಯಾನು, ಲೈಟು ನಡೀತಾವ. ಹೇಳ್ಬೇಕಂದ್ರ ಅಮ್ಮಾರು ಬ್ಯಾಡ ಅಂತ ಕೈ ಮಾಡಿದ್ರು" ಎಂದರು.

ನಾನು ಹೆಂಡತಿಯ ಕಡೆ ತಿರುಗಿದೆ. ರೇಗಬೇಕೆಂದೇ ತಿರುಗಿದ್ದೆ. ಅವಳು, "ಅಷ್ಟ ಚಂದ ಕೇಳಾಕತ್ತಿದ್ರಿ, ಹ್ಯಾಂಗ ಹೇಳ್ಲಿ?" ಎಂದಳು. ರೇಗುವುದು ನನ್ನಿಂದಾಗಲಿಲ್ಲ. ನನ್ನ ಕಿವಿಯ ಗತಿ ಅಲ್ಲಿದ್ದ ಮೂವರಲ್ಲಿ ಕೊನೆಗೆ ತಿಳಿದದ್ದು ನನಗೆ.

ಅಷ್ಟರಲ್ಲಿ ಕರೆಂಟು ಬಂತು. ಕರಿಯದರ ಮುಖದಲ್ಲಿ ನೀಲಿ ದೀಪ ಹತ್ತಿತು. ವೀರೇಶ ಪಾಪ, ಗುಂಡಿಯ ಮೇಲೆ ಬೆರಳಿಟ್ಟು, "ಈಗ ಹಚ್ಚಿ ತೋರಿಸ್ತೇನ್ರಿ, ಸರಿಯಾಗಿ ಕೇಳಿ ನೋಡಿ ಆಮ್ಯಾಲ ತಗೋರಿ" ಎಂದರು.

"ಬ್ಯಾಡ್ರಿ" ಎಂದೆ. "ನಾ ಕೇಳೇನಿ. ಅದನ್ನ ಕಟ್ಟರಿ."